ಗದ್ದಿಗೆಯಿಂದ ರಾಜಾಸೀಟಿಗೆ: ಮಡಿಕೇರಿಯ ಏರಿಳಿತಗಳಲ್ಲಿ ಒಂದು ದಿನ

ಮಡಿಕೇರಿಗೆ ಬರುವವರಲ್ಲಿ ಹೆಚ್ಚಿನವರು ಸಂಜೆ ರಾಜಾಸೀಟಿನಲ್ಲಿ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ, ಮರುದಿನ ಬೆಳಿಗ್ಗೆ ಮಾಂದಲ್‌ಪಟ್ಟಿಗೆ ಜೀಪು ಹತ್ತುತ್ತಾರೆ, ಮಧ್ಯಾಹ್ನಕ್ಕೆ ಊರು ಬಿಡುತ್ತಾರೆ. ನಡುವೆ ಇರುವ ಊರು ಅವರ ಪಾಲಿಗೆ ಕೊಠಡಿ ಮತ್ತು ಊಟ ಸಿಗುವ ಜಾಗ, ಅಷ್ಟೆ. ಕೋಟೆಯ ಎದುರಿನ ರಸ್ತೆಯಲ್ಲೇ ನಾಲ್ಕು ಸಲ ಹಾದುಹೋದರೂ ಒಳಗೆ ಕಾಲಿಡದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಏಕೆಂದರೆ ಕೊಡಗಿನ ಹಾಲೇರಿ ಅರಸರ ಕಥೆಯನ್ನು ಓದಿ ತಿಳಿಯುವುದಕ್ಕಿಂತ ಚೆನ್ನಾಗಿ ಮಡಿಕೇರಿಯಲ್ಲಿ ನಡೆದು ತಿಳಿಯಬಹುದು. ಅದಕ್ಕೆ ಬೇಕಾಗುವುದು ಒಂದು ದಿನ, ಒಂದು ಜೊತೆ ಒಳ್ಳೆಯ ಬೂಟು, ಮತ್ತು ನೋಡುವ ಜಾಗಗಳನ್ನು ಸರಿಯಾದ ಅನುಕ್ರಮದಲ್ಲಿ ನೋಡುವ ತಾಳ್ಮೆ.

ಅನುಕ್ರಮ ಎಂದು ಒತ್ತಿ ಹೇಳಲು ಕಾರಣವಿದೆ. ಮೊದಲು ಅರಸರ ಸಮಾಧಿಗಳಿರುವ ಗದ್ದಿಗೆಯ ಗುಡ್ಡ, ಅಲ್ಲಿಂದ ಇಳಿದು ಓಂಕಾರೇಶ್ವರ ದೇವಸ್ಥಾನ, ಮತ್ತೆ ಏರಿ ಕೋಟೆ, ಕೋಟೆಯೊಳಗಿನ ಮ್ಯೂಸಿಯಂ, ಊಟವಾದ ಮೇಲೆ ಜನರಲ್ ತಿಮ್ಮಯ್ಯ ಅವರ ಮನೆ, ಕೊನೆಗೆ ರಾಜಾಸೀಟು. ಹೀಗೆ ಹೋದರೆ ಮ್ಯೂಸಿಯಂ ತಲುಪುವ ಹೊತ್ತಿಗೆ ಅಲ್ಲಿರುವ ಕತ್ತಿ ಯಾರದು, ಕಲ್ಲು ಯಾವ ಕಾಲದ್ದು ಎಂದು ಕೇಳಿಕೊಳ್ಳಲು ನಿಮ್ಮ ಬಳಿ ಪ್ರಶ್ನೆಗಳಿರುತ್ತವೆ. ಪ್ರಶ್ನೆಯೇ ಇಲ್ಲದೆ ಮ್ಯೂಸಿಯಂಗೆ ಹೋದವರು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಎಲ್ಲ ಸೇರಿ ಐದಾರು ಕಿಲೋಮೀಟರಿನ ನಡಿಗೆ. ದೂರ ದೊಡ್ಡದಲ್ಲ, ಆದರೆ ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಅಪರೂಪ. ಏರು, ಇಳುಕಲು, ಮತ್ತೆ ಏರು. ಹೀಗಾಗಿ ಇದನ್ನು ಪೇಟೆಯ ಸುತ್ತಾಟ ಎಂದುಕೊಳ್ಳದೆ ಗುಡ್ಡದ ನಡಿಗೆಯೆಂದೇ ತಿಳಿದು ಹೊರಡಿ.

ಹೊರಡುವ ಮುನ್ನ

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಈ ನಡಿಗೆಗೆ ಅತ್ಯುತ್ತಮ. ಬೆಳಿಗ್ಗೆ ಚಳಿ, ಹತ್ತು ಗಂಟೆಗೆ ಹಿತವಾದ ಬಿಸಿಲು, ಸಂಜೆ ಮತ್ತೆ ಸ್ವೆಟರ್. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆಗಲೂ ಊರೊಳಗಿನ ಈ ನಡಿಗೆ ಸಾಧ್ಯ, ಆದರೆ 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಕುಸಿದು ಊರಿಗೆ ಊರೇ ನಲುಗಿದ್ದನ್ನು ಇಲ್ಲಿನವರು ಮರೆತಿಲ್ಲ. ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಪ್ರವಾಸವನ್ನು ಮುಂದೂಡುವುದೇ ಸರಿ. ದಸರಾ ಹೊತ್ತಿನಲ್ಲಿ ದಶಮಂಟಪಗಳ ಮೆರವಣಿಗೆ ನೋಡಲೇಬೇಕಾದ್ದು, ಆದರೆ ಅದಕ್ಕಾಗಿಯೇ ಬೇರೆ ಸಲ ಬನ್ನಿ. ಆ ಜನಜಂಗುಳಿಯಲ್ಲಿ ಈ ನಡಿಗೆ ಸಾಗುವುದಿಲ್ಲ.

ವಾರದ ದಿನವನ್ನೂ ಗಮನಿಸಿ. ಸೋಮವಾರ ಮ್ಯೂಸಿಯಂಗೆ ರಜೆ. ಉಳಿದ ದಿನಗಳಲ್ಲೂ ಸರ್ಕಾರಿ ರಜೆಯಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಶುಕ್ರವಾರ ಮಡಿಕೇರಿಯ ಸಂತೆ. ಮಹದೇವಪೇಟೆಯ ಕಡೆ ಕಾಲಿಡಲು ಜಾಗವಿರುವುದಿಲ್ಲ, ಆದರೆ ಸಂತೆ ನೋಡುವ ಆಸೆಯಿರುವವರಿಗೆ ಅದೇ ದಿನ ಒಳ್ಳೆಯದು. ಶನಿವಾರ, ಭಾನುವಾರ ಮೈಸೂರು ಮತ್ತು ಬೆಂಗಳೂರಿನ ವಾಹನಗಳು ಊರು ತುಂಬಿಕೊಳ್ಳುತ್ತವೆ. ನನ್ನನ್ನು ಕೇಳಿದರೆ ಮಂಗಳವಾರ ಅಥವಾ ಬುಧವಾರ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಕೊಡಗಿನಲ್ಲಿ ರೈಲು ಮಾರ್ಗವಿಲ್ಲ, ಬಸ್ಸುಗಳು ಧಾರಾಳವಾಗಿವೆ. ಹಿಂದಿನ ರಾತ್ರಿಯೇ ಬಂದು ಉಳಿದುಕೊಂಡರೆ ಬೆಳಗಿನ ಮಂಜು ಕೈತಪ್ಪುವುದಿಲ್ಲ. ಕಾರಿನಲ್ಲಿ ಬಂದವರು ಅದನ್ನು ವಸತಿಯ ಬಳಿಯೇ ಬಿಟ್ಟುಬಿಡಿ. ಪ್ರತಿ ನಿಲುಗಡೆಯಲ್ಲೂ ಪಾರ್ಕಿಂಗ್ ಹುಡುಕುವುದರಲ್ಲೇ ದಿನ ಮುಗಿದುಹೋಗುತ್ತದೆ. ಬ್ಯಾಗಿನಲ್ಲಿ ಒಂದು ಕೊಡೆ, ನೀರು, ತೆಳು ಸ್ವೆಟರ್, ಸಣ್ಣ ಟಾರ್ಚ್ ಇರಲಿ. ಹಾಸುಗಲ್ಲುಗಳ ಮೇಲೆ ಪಾಚಿ ಕಟ್ಟಿರುವ ಕಡೆ ನುಣುಪು ಅಡಿಯ ಚಪ್ಪಲಿ ಅಪಾಯ.

ಮೊದಲು ಗದ್ದಿಗೆ

ಬೆಳಿಗ್ಗೆ ಅಕ್ಕಿರೊಟ್ಟಿಯೋ ನೂಪುಟ್ಟೋ ತಿಂದು, ಒಂದು ಲೋಟ ಕಾಫಿ ಕುಡಿದು ಬಸ್ ನಿಲ್ದಾಣದ ಕಡೆಯಿಂದ ಮಹದೇವಪೇಟೆಯ ದಾರಿ ಹಿಡಿಯಿರಿ. ದೊಡ್ಡವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯ ಹೆಸರು ಹೊತ್ತ ಬೀದಿ ಇದು. ಅಂಗಡಿಗಳು ಬಾಗಿಲು ತೆರೆಯುವ ಹೊತ್ತು. ಪೇಟೆ ಮುಗಿಯುತ್ತಿದ್ದಂತೆ ರಸ್ತೆ ಏರತೊಡಗುತ್ತದೆ. ದಾರಿ ತಿಳಿಯದಿದ್ದರೆ ‘ಗದ್ದಿಗೆ ಎಲ್ಲಿ’ ಎಂದು ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಅವಸರ ಬೇಡ, ಏರಿನಲ್ಲಿ ಒಮ್ಮೆ ನಿಂತು ಹಿಂದಿರುಗಿ ನೋಡಿ. ಊರು ಬಟ್ಟಲಿನೊಳಗೆ ಇಟ್ಟಂತೆ ಕಾಣುತ್ತದೆ, ಸುತ್ತಲೂ ಗುಡ್ಡಗಳ ಅಂಚು. 1681ರಲ್ಲಿ ಮುದ್ದುರಾಜ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದದ್ದು ಏಕೆ ಎಂಬುದನ್ನು ಈ ನೋಟವೇ ವಿವರಿಸುತ್ತದೆ. ಶತ್ರು ಯಾವ ದಿಕ್ಕಿನಿಂದ ಬಂದರೂ ಗುಡ್ಡ ಹತ್ತಿಯೇ ಬರಬೇಕು.

ಗುಡ್ಡದ ಮೇಲೆ ಎತ್ತರದ ಜಗಲಿಗಳ ಮೇಲೆ ನಿಂತ ಗುಮ್ಮಟದ ಕಟ್ಟಡಗಳನ್ನು ಕಂಡ ಹೊಸಬರು ಮಸೀದಿಯೆಂದೇ ತಿಳಿಯುತ್ತಾರೆ. ಮೂಲೆಗಳಲ್ಲಿ ಮಿನಾರುಗಳಿವೆ, ಆದರೆ ಹತ್ತಿರ ಹೋದರೆ ನಂದಿಗಳು ಕುಳಿತಿರುತ್ತವೆ. ಹಾಲೇರಿ ಅರಸರು ವೀರಶೈವರು, ದೇಹವನ್ನು ಸುಡದೆ ಹೂಳುವ ಪದ್ಧತಿಯವರು. ಹೀಗಾಗಿ ಶಿವನ ಭಕ್ತರಾದ ಅರಸರಿಗೆ ಗುಮ್ಮಟದ ಸಮಾಧಿ. ದೊಡ್ಡದಾಗಿರುವುದು ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯದು. ಇನ್ನೊಂದು ಅವನ ತಮ್ಮ, 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರನದು. ಮೂರನೆಯದು ರಾಜಗುರು ರುದ್ರಪ್ಪನದು. ಇವುಗಳ ಸಮೀಪದಲ್ಲೇ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯ ಎಂಬ ಕೊಡವ ಯೋಧರ ಸಮಾಧಿಗಳಿವೆ. ಬೋಪು ಟಿಪ್ಪುವಿನ ವಿರುದ್ಧದ ಕಾಳಗಗಳಲ್ಲಿ ಹೋರಾಡಿದವನು. ಅರಸನ ಪಕ್ಕದಲ್ಲಿ ಅವನ ಯೋಧನಿಗೂ ಜಾಗ ಸಿಕ್ಕಿರುವುದು ಎಷ್ಟು ಅರಮನೆಗಳ ಇತಿಹಾಸದಲ್ಲಿದೆ? ಬಂದವರು ಈ ಚಿಕ್ಕ ಸಮಾಧಿಗಳನ್ನು ಗಮನಿಸದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ.

ಹೊರಡುವ ಮುನ್ನ ಇಲ್ಲಿ ಇಲ್ಲದ ಒಂದು ಸಮಾಧಿಯನ್ನೂ ನೆನೆಯಿರಿ. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಈ ಗುಡ್ಡದಲ್ಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಂದಿಗೆ ಲಂಡನ್‌ಗೆ ಹೋದ. ವಿಕ್ಟೋರಿಯಾ ರಾಣಿ ಗೌರಮ್ಮನ ಧರ್ಮಮಾತೆಯಾದಳು. ಅರಸ 1859ರಲ್ಲಿ ಅಲ್ಲಿಯೇ ತೀರಿಕೊಂಡ. ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಗುಡ್ಡ ಇಳಿಯಿರಿ, ಕೋಟೆಯಲ್ಲಿ ಬೇಕಾಗುತ್ತದೆ.

ಗೋಡೆಗಳ ಮೇಲೆ ಹೆಸರು ಕೆತ್ತಿರುವುದನ್ನು ಕಾಣುತ್ತೀರಿ. ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಜೊತೆಗೆ ಮಕ್ಕಳಿದ್ದರೆ ಅದನ್ನು ತೋರಿಸಿ, ಹೀಗೆ ಮಾಡಬಾರದೆಂದು ಅಲ್ಲಿಯೇ ಹೇಳಿ.

ಇಳಿದರೆ ಓಂಕಾರೇಶ್ವರ

ಬಂದ ದಾರಿಯಲ್ಲೇ ಇಳಿದು ಓಂಕಾರೇಶ್ವರ ದೇವಸ್ಥಾನದ ಕಡೆ ತಿರುಗಿ. ಅದು ತಗ್ಗಿನಲ್ಲಿದೆ. ಮಧ್ಯಾಹ್ನ ಬಾಗಿಲು ಮುಚ್ಚುವುದರಿಂದ ಬೆಳಿಗ್ಗೆಯೇ ಹೋಗಬೇಕು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಗುಡಿ. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಗೋಪುರ, ಎದುರಿಗೆ ಕೊಳ, ಕೊಳದ ನಡುವೆ ಮಂಟಪ. ಗದ್ದಿಗೆಯನ್ನು ನೋಡಿ ಬಂದ ಕಣ್ಣಿಗೆ ಇದು ಅದೇ ಕೈಗಳ ಕೆಲಸವೆಂದು ಕೂಡಲೇ ಹೊಳೆಯುತ್ತದೆ. ಬ್ರಹ್ಮಹತ್ಯೆಯ ದೋಷ ಕಳೆದುಕೊಳ್ಳಲು ಅರಸ ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠಾಪಿಸಿದ ಎಂಬ ಕಥೆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ಕೊಳದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು ಕಾಲು ಆರಿಸಿಕೊಳ್ಳಿ, ಮುಂದೆ ಏರು ಇದೆ.

ಕೋಟೆ

ಹತ್ತು ಗಂಟೆಯ ಸುಮಾರಿಗೆ ಕೋಟೆಯ ಬಾಗಿಲಿಗೆ ಬನ್ನಿ. ಬಾಗಿಲಲ್ಲೇ ಕೋಟೆ ಗಣಪತಿ. ಇಲ್ಲಿ ಈಡುಗಾಯಿ ಒಡೆಯುವುದು ಮಡಿಕೇರಿಯವರ ರೂಢಿ. ಹೊಸ ವಾಹನ ಕೊಂಡರೂ, ಪರೀಕ್ಷೆಗೆ ಹೊರಟರೂ ಮೊದಲು ಗಣಪತಿ.

ಒಳಗೆ ಹೋಗುವಾಗ ದಾರಿ ನೇರವಾಗಿಲ್ಲ ಎಂಬುದನ್ನು ಗಮನಿಸಿ. ಪೂರ್ವದ ಬಾಗಿಲಿನಿಂದ ಸುತ್ತಿ ಬಳಸಿ ಏರಬೇಕು. ಆನೆಯಿಂದ ಬಾಗಿಲು ಗುದ್ದಿಸಲು ಬೇಕಾದ ಓಟ ಶತ್ರುವಿಗೆ ಸಿಗದಿರಲಿ ಎಂದು ಕೋಟೆ ಕಟ್ಟುವವರು ಹೀಗೆ ತಿರುವು ಇಡುತ್ತಿದ್ದರು. ಕೋಟೆ ಆರು ಮೂಲೆಗಳದು, ಪ್ರತಿ ಮೂಲೆಗೂ ದುಂಡನೆಯ ಕೊತ್ತಲ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟಿದ್ದ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ದೊಡ್ಡವೀರರಾಜೇಂದ್ರ, ಬೆಳಿಗ್ಗೆ ನೀವು ಯಾರ ಗದ್ದಿಗೆ ನೋಡಿದಿರೋ ಅವನೇ, 1790ರಲ್ಲಿ ಕೋಟೆಯನ್ನು ಮರಳಿ ಪಡೆದ. ಅರಮನೆಗೆ ಈಗಿನ ರೂಪ ಬಂದದ್ದು ಲಿಂಗರಾಜೇಂದ್ರನ ಕಾಲದಲ್ಲಿ, 1812ರಿಂದ 1814ರ ಅವಧಿಯಲ್ಲಿ. ಮುಂದೆ ಬಂದ ಬ್ರಿಟಿಷರು 1933ರಲ್ಲಿ ಗಡಿಯಾರ ಗೋಪುರವನ್ನೂ ಕಮಿಷನರ್ ಕಾರು ನಿಲ್ಲಿಸಲು ಮುಂಗಟ್ಟನ್ನೂ ಸೇರಿಸಿದರು. ಒಂದೇ ಗೋಡೆಯ ಎದುರು ನಿಂತು ನಾಲ್ಕು ಆಳ್ವಿಕೆಗಳನ್ನು ಎಣಿಸಬಹುದಾದ ಜಾಗ ಇದು.

ಆವರಣದ ಈಶಾನ್ಯ ಮೂಲೆಯಲ್ಲಿ ಎರಡು ಗಾರೆಯ ಆನೆಗಳು ನಿಂತಿವೆ, ನಿಜವಾದ ಆನೆಯಷ್ಟೇ ಎತ್ತರ. ಅರಸ ಸಿಟ್ಟಿನಲ್ಲಿ ಎರಡು ಆನೆಗಳನ್ನು ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪದಿಂದ ಇವನ್ನು ಮಾಡಿಸಿದ ಎಂಬ ಕಥೆಯಿದೆ. ಮಕ್ಕಳು ಇಲ್ಲಿಂದ ಕದಲುವುದಿಲ್ಲ. ಅರಮನೆಯ ಒಳ ಅಂಗಳಕ್ಕೆ ಬಿಡುವ ದಿನವಾದರೆ ಅಲ್ಲಿರುವ ಕಲ್ಲಿನ ಆಮೆಯನ್ನು ನೋಡಲು ಮರೆಯಬೇಡಿ. ಕೋಟೆಯ ಗೋಡೆಯ ಮೇಲೆ ನಡೆಯಲು ಅವಕಾಶವಿರುವಲ್ಲಿ ಒಂದು ಸುತ್ತು ಬನ್ನಿ, ಅಂಚಿಗೆ ಮಾತ್ರ ಹೋಗಬೇಡಿ.

ಇದೇ ಕೋಟೆಯ ಬಳಿ, 1837ರ ಅಕ್ಟೋಬರ್ 31ರಂದು, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದರು. ಸುಳ್ಯದ ಕಡೆಯಿಂದ ಮಂಗಳೂರಿನವರೆಗೆ ಹಬ್ಬಿದ ಆ ವರ್ಷದ ರೈತ ಬಂಡಾಯದ ಮುಂದಾಳುಗಳಲ್ಲಿ ಒಬ್ಬರು ಅವರು. ಅರಸು ಮನೆತನ ಕೆಳಗಿಳಿದ ಮೂರೇ ವರ್ಷಕ್ಕೆ ಜನರು ಬ್ರಿಟಿಷರ ವಿರುದ್ಧ ಎದ್ದಿದ್ದರು. ಅರಮನೆಯ ಚೆಲುವನ್ನು ನೋಡುವಾಗ ಇದನ್ನೂ ನೆನಪಿಡುವುದು ನ್ಯಾಯ.

ಮ್ಯೂಸಿಯಂನಲ್ಲಿ ಒಂದು ಗಂಟೆ

ಕೋಟೆಯೊಳಗಿನ ಸಂತ ಮಾರ್ಕರ ಚರ್ಚಿನ ಕಟ್ಟಡವೇ ಸರ್ಕಾರಿ ವಸ್ತುಸಂಗ್ರಹಾಲಯ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ವೀರಭದ್ರನ ಗುಡಿಯಿದ್ದ ಜಾಗದಲ್ಲಿ ಕಟ್ಟಿದ ಚರ್ಚು. 1971ರಲ್ಲಿ ಪುರಾತತ್ವ ಇಲಾಖೆಯ ಕೈಗೆ ಬಂದಿತು. ಕಿಟಕಿಗಳ ಬಣ್ಣದ ಗಾಜು ಈಗಲೂ ಇದೆ. ಬಿಸಿಲಿದ್ದರೆ ಅದರ ಬೆಳಕು ಒಳಗಿನ ಕಲ್ಲುಗಳ ಮೇಲೆ ಬೀಳುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಬೋರ್ಡುಗಳನ್ನು ಓದತೊಡಗದೆ ಮೊದಲು ಒಂದು ಸುತ್ತು ಸುಮ್ಮನೆ ಬನ್ನಿ. ಎರಡನೆಯ ಸುತ್ತಿನಲ್ಲಿ ಮೂರು ಬಗೆಯ ವಸ್ತುಗಳ ಮುಂದೆ ನಿಲ್ಲಿ.

ಮೊದಲನೆಯದು ಜೈನ ಶಿಲ್ಪಗಳು. ಕೊಡಗಿನಲ್ಲಿ ಜೈನರೇ ಎಂದು ಅಚ್ಚರಿಪಡುವವರು ಬಹಳ. ಹನ್ನೊಂದನೆಯ ಶತಮಾನದಲ್ಲಿ ಉತ್ತರ ಕೊಡಗನ್ನು ಆಳಿದ ಕೊಂಗಾಳ್ವರು ಜೈನರು. ಶನಿವಾರಸಂತೆಯ ಬಳಿ ಮುಳ್ಳೂರಿನಲ್ಲಿ ಅವರ ಕಾಲದ ಬಸದಿಗಳು ಇಂದಿಗೂ ನಿಂತಿವೆ. ಮೂರ್ತಿಯನ್ನು ಗುರುತಿಸುವುದು ಕಷ್ಟವಲ್ಲ. ನೆಟ್ಟಗೆ ನಿಂತು, ತೋಳುಗಳನ್ನು ಮೈಗೆ ತಾಗದಂತೆ ಇಳಿಬಿಟ್ಟಿದ್ದರೆ ಅದು ಕಾಯೋತ್ಸರ್ಗ ಭಂಗಿ. ತಲೆಯ ಮೇಲೆ ಹಾವಿನ ಹೆಡೆಗಳಿದ್ದರೆ ಸಾಮಾನ್ಯವಾಗಿ ಪಾರ್ಶ್ವನಾಥ. ತಲೆಯ ಮೇಲೆ ಮೂರು ಕೊಡೆಗಳು ಒಂದರ ಮೇಲೊಂದು ಇವೆಯೇ ನೋಡಿ. ಬೆರಳುಗಳ ತುದಿಯನ್ನೂ ನೋಡಿ, ಸಾವಿರ ವರ್ಷದ ಹಿಂದಿನ ಶಿಲ್ಪಿ ಎಲ್ಲಿ ಕೈ ಸೋತ, ಎಲ್ಲಿ ಪಳಗಿದ ಎಂಬುದು ಅಲ್ಲಿ ತಿಳಿಯುತ್ತದೆ.

ಎರಡನೆಯದು ವೀರಗಲ್ಲು. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಪಟ್ಟಿಕೆಯಲ್ಲಿ ಕಾಳಗ: ಕತ್ತಿ ಎತ್ತಿದವನು, ಬಿಲ್ಲು ಹಿಡಿದವನು, ಕೆಲವೊಮ್ಮೆ ತುರುಗಳು, ಅಂದರೆ ಸತ್ತವನು ದನಗಳನ್ನು ಕಾಯಲು ಹೋರಾಡಿದವನು. ನಡುವಿನಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ಅದರ ಪಕ್ಕದಲ್ಲಿ ವೀರ, ಬದಿಗಳಲ್ಲಿ ಸೂರ್ಯ ಚಂದ್ರರು. ಸೂರ್ಯಚಂದ್ರರು ಇರುವವರೆಗೂ ಇವನ ಹೆಸರು ಇರಲಿ ಎಂಬುದು ಅದರ ಆಶಯ. ಹೆಸರು ಅಳಿಸಿಹೋದ ಕಲ್ಲಿನ ಮುಂದೆಯೂ ಅಷ್ಟೇ ಹೊತ್ತು ನಿಲ್ಲಿ ಎಂದು ಕೇಳಿಕೊಳ್ಳುತ್ತೇನೆ. ಊರಿನವರು ಆ ಕಾಲದಲ್ಲಿ ಕಲ್ಲುಕುಟಿಕನನ್ನು ಕರೆಸಿ, ಕೂಲಿ ಕೊಟ್ಟು ನಿಲ್ಲಿಸಿದ ಕಲ್ಲುಗಳಿವು. ಅರಸರಿಗೆ ಗುಮ್ಮಟ ಸಿಕ್ಕಿತು, ಸಾಮಾನ್ಯನಿಗೆ ಉಳಿದದ್ದು ಇದು.

ಮೂರನೆಯದು ಆಯುಧಗಳು. ಕೊಡವರ ಯುದ್ಧದ ಕತ್ತಿಯಾದ ಒಡಿಕತ್ತಿಯ ಅಲಗು ಹಿಡಿಯ ಬಳಿ ಕಿರಿದಾಗಿ ಹೊರಟು ಮುಂದೆ ಅಗಲವಾಗಿ ಬಾಗುತ್ತದೆ. ಬೀಸಿದರೆ ಭಾರವೆಲ್ಲ ತುದಿಗೆ ಬರಬೇಕು ಎಂಬ ಲೆಕ್ಕ. ಅದಕ್ಕೆ ಒರೆಯಿಲ್ಲ, ಬೆನ್ನಿನ ಕಡೆ ಸೊಂಟಕ್ಕೆ ಕಟ್ಟಿದ ತೋಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುತ್ತಾರೆ. ಪೀಚೆಕತ್ತಿ ಚಿಕ್ಕದು, ಬೆಳ್ಳಿಯ ಕೆಲಸ ಮಾಡಿದ ಒರೆಯಲ್ಲಿ ಸೊಂಟದ ಮುಂಭಾಗಕ್ಕೆ ಬರುತ್ತದೆ. ಇವು ಗಾಜಿನ ಪೆಟ್ಟಿಗೆಗೆ ಸೇರಿ ಮುಗಿದುಹೋದ ವಸ್ತುಗಳಲ್ಲ. ಇಂದಿಗೂ ಮದುವೆಯ ದಿನ ಕೊಡವ ವರ ಕುಪ್ಯ ಎಂಬ ನಿಲುವಂಗಿ ತೊಟ್ಟು, ಚೇಲೆ ಎಂಬ ನಡುಪಟ್ಟಿ ಬಿಗಿದು ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾನೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಮನೆಯ ಆಯುಧಗಳಿಗೆ ಪೂಜೆ ನಡೆಯುತ್ತದೆ. ನಿಮಗೆ ಕೊಡಗಿನ ಗೆಳೆಯರಿದ್ದರೆ ಆ ಹಬ್ಬಕ್ಕೆ ಕರೆಯಿಸಿಕೊಳ್ಳಿ. ಅಕ್ಕಿಯ ಉಂಡೆ ಕಡಂಬುಟ್ಟು ಮತ್ತು ಹಂದಿಮಾಂಸದ ಪಂದಿಕರಿಯೂ ಇರುತ್ತದೆ.

ಒಳಗೆ ಫೋಟೊ ತೆಗೆಯುವ ಮುನ್ನ ಸಿಬ್ಬಂದಿಯನ್ನು ಕೇಳಿ. ಕಲ್ಲನ್ನು ಮುಟ್ಟಬೇಡಿ, ಬೆರಳಿನ ಎಣ್ಣೆ ಶತಮಾನಗಳ ಮಳೆ ಮಾಡದ ಹಾನಿಯನ್ನು ಮಾಡುತ್ತದೆ. ಸಿಬ್ಬಂದಿಯಲ್ಲಿ ಹಳಬರು ಇದ್ದು ಬಿಡುವಾಗಿದ್ದರೆ, ‘ಈ ಕಲ್ಲು ಯಾವ ಊರಿನಿಂದ ಬಂತು’ ಎಂದು ಕೇಳಿ ನೋಡಿ. ಬೋರ್ಡಿನಲ್ಲಿ ಇಲ್ಲದ್ದು ಸಿಗಬಹುದು.

ಊಟ, ಆಮೇಲೆ ಸನ್ನಿಸೈಡ್

ಮಧ್ಯಾಹ್ನದ ಊಟಕ್ಕೆ ಪೇಟೆಯಲ್ಲಿ ಬೇಕಾದಷ್ಟು ಹೋಟೆಲುಗಳಿವೆ. ಒಂದು ಗಂಟೆ ವಿರಾಮ ಪಡೆದು, ಜನರಲ್ ಕೊಡಂದೇರ ತಿಮ್ಮಯ್ಯ ಅವರು ಬಾಲ್ಯ ಕಳೆದ ಮನೆ ಸನ್ನಿಸೈಡ್‌ಗೆ ಹೋಗಿ. ಕಾಲು ಸೋತಿದ್ದರೆ ಆಟೋ ಹಿಡಿಯಬಹುದು. ಸ್ಮಾರಕ ವಸ್ತುಸಂಗ್ರಹಾಲಯವಾಗಿ ಇದನ್ನು 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. 1906ರಲ್ಲಿ ಹುಟ್ಟಿದ ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಕೊರಿಯಾ ಯುದ್ಧದ ನಂತರ ಯುದ್ಧಕೈದಿಗಳನ್ನು ಹಿಂದಿರುಗಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಒಳಗೆ ಓದುವುದು ಬಹಳವಿದೆ. ಎಲ್ಲವನ್ನೂ ಓದಲಾಗದಿದ್ದರೆ ಕಾಶ್ಮೀರ ಯುದ್ಧದ ಜೋಜಿಲಾ ಕಾಳಗದ ಬಗ್ಗೆ ತಪ್ಪದೆ ಓದಿ. 1948ರ ನವೆಂಬರ್ 1ರಂದು, ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರ್ ಎತ್ತರದ ಹಿಮದ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ದಂಗುಬಡಿಸಿದ ಕಾರ್ಯಾಚರಣೆ ತಿಮ್ಮಯ್ಯ ಅವರದು. ಬರುವುದು ಯಾರಿಗೂ ಗೊತ್ತಾಗಬಾರದೆಂದು ಟ್ಯಾಂಕಿನ ಮೇಲ್ಭಾಗ ಕಳಚಿ ಸಾಗಿಸಿದ್ದರು. ಬೆಳಿಗ್ಗೆ ಒಡಿಕತ್ತಿ ಕಂಡ ಕಣ್ಣಿಗೆ ಈ ಕಥೆಯ ಬೇರು ಎಲ್ಲಿದೆ ಎಂಬುದು ತಾನಾಗಿ ಹೊಳೆಯುತ್ತದೆ.

ಸಮಯ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾದರೆ ಕೋಟೆಯ ಮ್ಯೂಸಿಯಂ ನೋಡಿ, ಇದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಎರಡನ್ನೂ ಓಡುತ್ತಾ ನೋಡುವುದಕ್ಕಿಂತ ಅದು ಮೇಲು.

ರಾಜಾಸೀಟು ಸಂಜೆಗೆ

ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ರಾಜಾಸೀಟಿನಲ್ಲಿರಿ. ಬಸ್ ನಿಲ್ದಾಣದಿಂದ ಒಂದು ಕಿಲೋಮೀಟರಿನಷ್ಟು, ಹದವಾದ ಏರು. ಉದ್ಯಾನಕ್ಕೆ ಚಿಕ್ಕ ಮೊತ್ತದ ಟಿಕೆಟ್ ಇದೆ. ನಾಲ್ಕು ಕಂಬಗಳ ಮೇಲೆ ಕಮಾನು ಹೊತ್ತ ಗಾರೆಯ ಮಂಟಪವೇ ಅರಸರು ಕುಳಿತು ಸಂಜೆ ನೋಡುತ್ತಿದ್ದ ಜಾಗ. ಎಲ್ಲರೂ ಮಂಟಪದ ಎದುರೇ ಗುಂಪುಗೂಡುತ್ತಾರೆ. ನೀವು ಬೇಲಿಯ ಉದ್ದಕ್ಕೂ ಸ್ವಲ್ಪ ದೂರ ನಡೆಯಿರಿ. ಕೆಳಗೆ ಮಂಗಳೂರು ರಸ್ತೆ ಹಾವಿನಂತೆ ಇಳಿಯುವುದು, ಕಣಿವೆಯ ಗದ್ದೆಗಳು, ಸಾಲು ಬೆಟ್ಟಗಳು ಅಲ್ಲಿಂದ ಹೆಚ್ಚು ಚೆನ್ನಾಗಿ ಕಾಣುತ್ತವೆ. ಪಕ್ಕದಲ್ಲೇ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮನ ಗುಡಿಯಿದೆ, ದಸರಾದಲ್ಲಿ ಕರಗ ಹೊರಡುವ ನಾಲ್ಕು ಶಕ್ತಿದೇವತೆಗಳ ಗುಡಿಗಳಲ್ಲಿ ಒಂದು. ಮಂಜು ಮುಚ್ಚಿ ಏನೂ ಕಾಣದ ಸಂಜೆಯೂ ಇರುತ್ತದೆ. ಹತ್ತು ನಿಮಿಷ ಕಾಯಿರಿ, ಗಾಳಿ ಬೀಸಿದರೆ ತೆರೆ ಸರಿಯುತ್ತದೆ.

ಹಿರಿಯರು ಜೊತೆಗಿದ್ದರೆ ಗದ್ದಿಗೆಯ ಏರಿಗೆ ಆಟೋ ಮಾಡಿ, ಇಳಿಯುವಾಗ ಮಾತ್ರ ನಡೆಸಿ. ಮೊಣಕಾಲು ನೋವಿರುವವರಿಗೆ ಇಳುಕಲೇ ಕಷ್ಟವಾದರೆ ಇದನ್ನು ತಿರುಗಿಸಿ. ಮಳೆಗಾಲದಲ್ಲಿ ಹುಲ್ಲಿನ ದಾರಿಗೆ ಇಳಿದಿದ್ದರೆ ಸಾಕ್ಸ್ ಬಿಚ್ಚಿ ಜಿಗಣೆ ಹತ್ತಿದೆಯೇ ನೋಡಿಕೊಳ್ಳಿ. ಹತ್ತಿದ್ದರೆ ಎಳೆಯಬೇಡಿ, ಉಪ್ಪು ಹಾಕಿದರೆ ಬಿಡುತ್ತದೆ. ಇನ್ನೊಂದು ದಿನ ಕೈಯಲ್ಲಿದ್ದರೆ ಕಕ್ಕಬ್ಬೆಯ ಬಸ್ಸು ಹಿಡಿದು ನಾಲ್ಕುನಾಡು ಅರಮನೆಗೆ ಹೋಗಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸತೊಡಗಿದ ಅರಮನೆ ಅದು, 1,748 ಮೀಟರ್ ಎತ್ತರದ ತಡಿಯಂಡಮೋಳ್ ಶಿಖರದ ದಾರಿ ಅಲ್ಲಿಂದಲೇ ಮುಂದುವರಿಯುತ್ತದೆ. ಶಿಖರ ಹತ್ತುವ ಯೋಚನೆಯಿದ್ದರೆ ಅರಣ್ಯ ಇಲಾಖೆಯ ಅನುಮತಿ ಮತ್ತು ಪ್ರವೇಶದ ವೇಳೆಯನ್ನು ಮೊದಲೇ ವಿಚಾರಿಸಿ, ಬೆಳಿಗ್ಗೆ ಬೇಗ ಹೊರಡಿ.